ಹೋಮ್‌ವರ್ಕ್ ಅಪ್ಪನ ಜೇಬಿನಲ್ಲಿದೆ

ಮಹಾರಾಷ್ಟ್ರದ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರ.

ಮುಂಬೈಯ ಭಾಂಡುಪ್‌ನ ಒಂದು ಚಾಳಿನಲ್ಲಿ ದಿನಾ ಸಂಜೆ ಆರರಿಂದ ಎಂಟರವರೆಗೆ ಮಕ್ಕಳಿಗೆ ಪಾಠ ಹೇಳುತ್ತೇನೆ. ಫೀಸಿಲ್ಲ. ಹದಿನಾಲ್ಕು ಮಕ್ಕಳಿದ್ದಾರೆ. ಹೆಚ್ಚಿನವರ ಅಪ್ಪಂದಿರು ಹೋಟೆಲಿನಲ್ಲಿ, ಕೆಲವರು ಕಟ್ಟಡದ ಕೆಲಸದಲ್ಲಿ. ಮನೆಯಲ್ಲಿ ಕನ್ನಡ ಇಲ್ಲವೇ ತುಳು, ಓಣಿಯಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ. ಭಾಷೆಯ ವಿಷಯದಲ್ಲಿ ಈ ಮಕ್ಕಳು ನಮಗಿಂತ ಜೋರು.

ಮೊನ್ನೆ ಒಂಬತ್ತನೇ ತರಗತಿಯ ಹುಡುಗನೊಬ್ಬನನ್ನು "ಹೋಮ್‌ವರ್ಕ್ ಏನಿದೆಯೋ?" ಅಂತ ಕೇಳಿದೆ. "ಟೀಚರ್, ಅದು ಅಪ್ಪನ ಜೇಬಲ್ಲಿದೆ" ಅಂದ. ಉಳಿದವರೆಲ್ಲ ನಕ್ಕರು. ಅವನು ತಮಾಷೆ ಮಾಡಿರಲಿಲ್ಲ. ಅವನ ಶಾಲೆಯವರು ಹೋಮ್‌ವರ್ಕನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಮನೆಯಲ್ಲಿರುವುದು ಒಂದೇ ಸ್ಮಾರ್ಟ್‌ಫೋನ್. ಅದು ಅಪ್ಪನ ಜೊತೆ ಹೋಟೆಲಿಗೆ ಹೋಗುತ್ತದೆ, ಶಟರ್ ಎಳೆದ ಮೇಲೆ ರಾತ್ರಿ ಹನ್ನೊಂದೂವರೆಗೆ ವಾಪಸ್ ಬರುತ್ತದೆ. ಹುಡುಗ ಆಗ ಎದ್ದು ಕೂತು ಬರೆದುಕೊಳ್ಳುತ್ತಾನೆ. ಬರೆದು ಮುಗಿಸಲು ಹತ್ತು ನಿಮಿಷ ಸಾಕು. ಆದರೆ ಕೈಗೆ ಬಂದ ಮೊಬೈಲ್ ಹತ್ತು ನಿಮಿಷಕ್ಕೆ ಕೆಳಗಿಳಿಯುತ್ತದೆಯೇ? ರೀಲ್ಸ್ ಶುರುವಾಗುತ್ತದೆ. ಅಪ್ಪನಿಗೆ ದಣಿವು, ನಿದ್ದೆ. ಬೆಳಿಗ್ಗೆ ಮೊದಲ ಪೀರಿಯಡ್ಡಿನಲ್ಲಿ ಹುಡುಗ ತೂಕಡಿಸುತ್ತಾನೆ. ಆಮೇಲೆ ಅದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಮಕ್ಕಳಿಗೆ ಮೊಬೈಲ್ ಕೊಡಬೇಡಿ" ಎಂದು ಪೋಷಕರಿಗೆ ಸೂಚನೆ ಬರುತ್ತದೆ!

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಈಗ ಶಾಲೆ ತೆರೆದು ಎಷ್ಟೋ ಕಾಲವಾಯಿತು. ಮಳೆ ನಿಂತರೂ ಮರದ ಹನಿ ನಿಂತಿಲ್ಲ.

ನಾನು ಮೊಬೈಲಿನ ವೈರಿಯಲ್ಲ, ಸರ್. ಪಿಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯ 2022ರ ವರದಿ ನೋಡಿ. ನಮ್ಮ ದೇಶ ಅದರಲ್ಲಿ ಭಾಗವಹಿಸಿರಲಿಲ್ಲ, ಆದರೂ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಶಾಲೆಯಲ್ಲಿ ಕಲಿಕೆಗೆಂದು ದಿನಕ್ಕೆ ಒಂದು ಗಂಟೆಯವರೆಗೆ ಡಿಜಿಟಲ್ ಸಾಧನ ಬಳಸಿದ ಮಕ್ಕಳು, ಏನೂ ಬಳಸದವರಿಗಿಂತ ಗಣಿತದಲ್ಲಿ 14 ಅಂಕ ಮುಂದಿದ್ದರು. ಆದರೆ ಪಕ್ಕದವರ ಮೊಬೈಲು, ಟ್ಯಾಬ್‌ನಂಥ ಸಾಧನಗಳಿಂದ ಗಮನ ಕೆಡುತ್ತಿದ್ದ ಮಕ್ಕಳು 15 ಅಂಕ ಹಿಂದಿದ್ದರು. ಸಾಧನ ಅದೇ. ಯಾವಾಗ, ಎಲ್ಲಿ, ಯಾರ ಕಣ್ಣೆದುರು ಎಂಬುದು ಬೇರೆ.

ಇನ್ನು ನಮ್ಮ ದೇಶದ್ದೇ ಉದಾಹರಣೆ. ದೆಹಲಿಯಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕೇಂದ್ರಗಳಲ್ಲಿ ಕೂರಿಸಿ, ಮೈಂಡ್‌ಸ್ಪಾರ್ಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಕಲಿಸಿದರು. ಅದರ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಆರನೇ ತರಗತಿಗೆ ಬಂದ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿತ್ತು. ಸಾಫ್ಟ್‌ವೇರ್ ಮಗುವಿನ ತರಗತಿ ಕೇಳಲಿಲ್ಲ, ಮಗುವಿಗೆ ಎಷ್ಟು ಬರುತ್ತದೋ ಅಲ್ಲಿಂದ ಶುರು ಮಾಡಿತು. ಜೊತೆಗೆ ಹೇಳಿಕೊಡಲು ಒಬ್ಬರು ಇದ್ದರು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಒಳ್ಳೆಯ ಏರಿಕೆ ಕಂಡಿತು. ಪೆರು ದೇಶದಲ್ಲಿ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿ ನೋಡಿದ್ದರು. ಗಣಿತದಲ್ಲೂ ಭಾಷೆಯಲ್ಲೂ ಅಂಕ ಏರಲಿಲ್ಲ. ಸುಮ್ನೆ ಹಂಚಿದರೆ ಅಷ್ಟೇ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇನ್ನೊಂದು ತಾಪತ್ರಯವಿದೆ. ಇದು ನಿಮ್ಮ ಕಿವಿಗೆ ಬಿದ್ದಿರಲಿಕ್ಕಿಲ್ಲ. ಹತ್ತನೇ ತರಗತಿಯ ಹುಡುಗಿ ಯೂಟ್ಯೂಬ್‌ನಲ್ಲಿ ಕನ್ನಡದಲ್ಲಿ ಗಣಿತ ಹುಡುಕಿದರೆ ಬರುವುದು ಕರ್ನಾಟಕದ ಎಸ್ಸೆಸ್ಸೆಲ್ಸಿ ಪಾಠ. ನಮ್ಮ ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಪುಸ್ತಕದಲ್ಲಿ ಗಣಿತಕ್ಕೆ ಎರಡು ಭಾಗ, ಪರೀಕ್ಷೆಗೂ ಎರಡು ಪ್ರಶ್ನೆಪತ್ರಿಕೆ. ಮೊದಲ ಭಾಗದಲ್ಲಿ ಜಿಎಸ್‌ಟಿ, ಶೇರುಗಳ ಲೆಕ್ಕದ ಪಾಠವೇ ಇದೆ. ಆ ವಿಡಿಯೋಗಳಲ್ಲಿ ಅದು ಸಿಗುವುದಿಲ್ಲ. ಪಾಪ, ಹುಡುಗಿ ಒಂದು ವಾರ ಬೇರೆ ರಾಜ್ಯದ ಪಾಠ ನೋಡಿ, ನೋಟ್ಸ್ ಬರೆದು ತಂದಿದ್ದಳು. ಅಕ್ಷರ ಮುದ್ದಾಗಿತ್ತು. ಬಾಲಭಾರತಿಯ ಪುಸ್ತಕಗಳು ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತವೆ, ಅದು ಉಪಕಾರವೇ. ಆದರೆ ಚಿಕ್ಕ ಮೊಬೈಲಿನಲ್ಲಿ ರೇಖಾಗಣಿತ ಓದಿ ನೋಡಿ. ಆಕೃತಿ ದೊಡ್ಡದು ಮಾಡಿದರೆ ಪ್ರಶ್ನೆ ಕಾಣುವುದಿಲ್ಲ, ಪ್ರಶ್ನೆ ಹುಡುಕಿದರೆ ಆಕೃತಿ ಓಡಿಹೋಗುತ್ತದೆ.

ಮತ್ತೆ ಬೋರ್ಡ್ ಪರೀಕ್ಷೆ ಪೆನ್ನಿನದ್ದು. ಭಾಷೆಯ ಪತ್ರಿಕೆ 80 ಅಂಕಕ್ಕೆ, ಮೂರು ಗಂಟೆ ಬರೆಯಬೇಕು. ನನ್ನ ಮಕ್ಕಳು ಹೆಬ್ಬೆರಳಿನಲ್ಲಿ ಸರಸರ ಟೈಪ್ ಮಾಡುತ್ತಾರೆ. ಅರ್ಧ ಗಂಟೆ ಬರೆಸಿದರೆ ಕೈ ಒದರುತ್ತಾರೆ.

2015ರಲ್ಲಿ ಮುಂಬೈ ಪಾಲಿಕೆ ತನ್ನ ಶಾಲೆಗಳ ಎಂಟನೇ ತರಗತಿಗೆ ಟ್ಯಾಬ್ ಕೊಟ್ಟಿತ್ತು. ಅಂದರೆ ಸಾಧನ ಕೊಡುವುದು ನಮಗೆ ಹೊಸದಲ್ಲ. ನಾನು ಕೇಳುವುದು ಅದರ ಜೊತೆ ಕೂರುವ ಒಬ್ಬ ಮನುಷ್ಯನನ್ನು. ಶಾಲೆ ಬಿಟ್ಟ ಮೇಲೆ ಕಂಪ್ಯೂಟರ್ ಕೋಣೆ ಒಂದು ಗಂಟೆ ತೆರೆದಿರಲಿ, ಒಬ್ಬ ಶಿಕ್ಷಕರು ಇರಲಿ, ಮಹಾರಾಷ್ಟ್ರದ ಪಠ್ಯಕ್ಕೆ ಕನ್ನಡದಲ್ಲಿ ವಿಡಿಯೋ ಇರಲಿ. ಕನ್ನಡದ ಜೊತೆ ತೆಲುಗು, ತಮಿಳು, ಉರ್ದು ಮಕ್ಕಳನ್ನೂ ಮರೆಯಬೇಡಿ. ಇದಕ್ಕೆ ದುಡ್ಡು ಬೇಕು, ಸಮಯ ಬೇಕು, ಗೊತ್ತು.

ದುಡ್ಡು ಬೇಡದ ಕೆಲಸವೂ ಒಂದಿದೆ. ಹೋಮ್‌ವರ್ಕನ್ನು ಗಂಟೆ ಹೊಡೆಯುವ ಮೊದಲು ಕರಿಹಲಗೆಯ ಮೇಲೆ ಬರೆಯಿರಿ, ಮಕ್ಕಳು ಡೈರಿಯಲ್ಲಿ ಬರೆದುಕೊಳ್ಳಲಿ ಎಂದು ಒಂದು ಸುತ್ತೋಲೆ ಹೊರಡಿಸಿ. ಅದನ್ನು ಬೇಕಾದರೆ ವಾಟ್ಸ್‌ಆ್ಯಪ್‌ನಲ್ಲೇ ಕಳಿಸಿ. ಮುಖ್ಯೋಪಾಧ್ಯಾಯರ ಹತ್ತಿರ ಅವರದೇ ಮೊಬೈಲ್ ಇರುತ್ತದೆ, ಅಲ್ವಾ?

ಇಂತಿ,
ಭಾಂಡುಪ್‌ನ ಒಬ್ಬ ಸಂಜೆಪಾಠದ ಟೀಚರ್