ಕಚ್ಚಿಕೊಂಡ ಬೋಲ್ಟಿಗೆ ಒಂದು ರಾತ್ರಿ ಕೊಡಿ

ಮಾನ್ಯ ಸಂಪಾದಕರೇ,

ನಾನು ಉಡುಪಿ ಕಡೆ ಒಂದು ಸಣ್ಣ ಗ್ಯಾರೇಜಿನಲ್ಲಿ ಕೆಲಸ ಮಾಡುವವನು. ನಮ್ಮಲ್ಲಿಗೆ ಹಳೇ ಕಾರುಗಳೇ ಜಾಸ್ತಿ ಬರುತ್ತವೆ, ಅದರಲ್ಲೂ ಮಾರುತಿ 800. ಅದರ ತಯಾರಿ 2014ರ ಜನವರಿಯಲ್ಲೇ ನಿಂತಿತು, ಆದರೂ ಎಷ್ಟೋ ಮನೆಗಳಲ್ಲಿ ಇನ್ನೂ ದಿನಾ ಓಡುತ್ತಿದೆ. ಮಳೆ ನಿಲ್ಲುತ್ತಿದ್ದ ಹಾಗೆ, "ಮುಂದಿನ ಚಕ್ರದ ಹತ್ರ ಟಕ್ ಟಕ್ ಅಂತಿದೆ, ಬುಷ್ ಹಾಕಿಡಿ ಮಾರಾಯ್ರೆ, ಸಂಜೆ ಬರ್ತೇನೆ" ಎಂದು ಕೀಲಿ ಕೊಟ್ಟು ಹೋಗುವವರು ಸುಮಾರು ಜನ. ಈ ಸಂಜೆಯ ಗಡುವಿನ ಬಗ್ಗೆಯೇ ನಾನು ಹೇಳಬೇಕಾಗಿದೆ.

ಬುಷ್ ದುಬಾರಿ ಸಾಮಾನಲ್ಲ. ಕಷ್ಟ ಇರುವುದು ಅದರೊಳಗೆ ತೂರಿಕೊಂಡಿರುವ ಬೋಲ್ಟಿನಲ್ಲಿ. ಚಕ್ರವನ್ನು ಕಾರಿನ ಅಡಿಗೆ ಜೋಡಿಸುವ ಕಬ್ಬಿಣದ ತೋಳಿಗೆ ಲೋವರ್ ಆರ್ಮ್ ಅನ್ನುತ್ತಾರೆ. ಅದರ ಬುಷ್ ಅಂದರೆ ಒಂದು ರಬ್ಬರ್, ಅದರ ನಡುವೆ ಒಂದು ಕಬ್ಬಿಣದ ಕೊಳವೆ, ಆ ಕೊಳವೆಯೊಳಗೆ ಬೋಲ್ಟ್. ಕೊಳವೆಗೂ ಬೋಲ್ಟಿಗೂ ನಡುವೆ ಕೂದಲಿನಷ್ಟು ಸಂದು ಇರುತ್ತದೆ. ಮಳೆನೀರು ಅಲ್ಲಿಗೆ ಇಳಿದರೆ ಮತ್ತೆ ಒಣಗುವುದಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ, ಹಾಗಾಗಿ ಆ ಸಂದು ತುಂಬಿ ಬೋಲ್ಟೂ ಕೊಳವೆಯೂ ಒಂದೇ ಆಗಿಬಿಡುತ್ತವೆ. ಆಮೇಲೆ ನಟ್ ಸುಲಭವಾಗಿ ಬಂದರೂ ಬೋಲ್ಟ್ ಬರುವುದಿಲ್ಲ. ಪಾನಾ ಹಾಕಿ ತಿರುಗಿಸಿದರೆ ಕೊಳವೆಯೂ ಜೊತೆಗೇ ತಿರುಗುತ್ತದೆ, ರಬ್ಬರ್ ಹಿಂಡಿಕೊಂಡು ಕೈಬಿಟ್ಟ ಕೂಡಲೇ ವಾಪಸ್ ಎಳೆಯುತ್ತದೆ. ಪೆಟ್ಟು ಕೊಡುತ್ತಾ ಬೋಲ್ಟ್ ತಿರುಗಿಸುವ ಇಂಪ್ಯಾಕ್ಟ್ ಗನ್ ಹಿಡಿದರೂ ಅದರ ಪೆಟ್ಟನ್ನು ಅರ್ಧಕ್ಕರ್ಧ ರಬ್ಬರೇ ನುಂಗುತ್ತದೆ. ಕರಾವಳಿಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ, ವರ್ಷವಿಡೀ ಉಪ್ಪಿನ ಗಾಳಿ, ಸಾಲದ್ದಕ್ಕೆ ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳು ಸುರಿಸಿಕೊಂಡು ಹೋಗುವ ಉಪ್ಪುನೀರು.

ಇಂಥ ಬೋಲ್ಟ್ ಬಿಡಿಸಲು ದಾರಿ ಇಲ್ಲ ಅಂತಲ್ಲ. ತಂತಿ ಬ್ರಷ್‌ನಲ್ಲಿ ಉಜ್ಜಿ, ಥ್ರೆಡ್ ಕಾಣುವಷ್ಟು ಸ್ವಚ್ಛ ಮಾಡಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಬೇಕು. ನಡುನಡುವೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಹಗುರವಾಗಿ ತಟ್ಟಬೇಕು, ಆ ನಡುಕಕ್ಕೆ ತುಕ್ಕು ಬಿರಿದು ಎಣ್ಣೆ ಒಳಗಿಳಿಯುತ್ತದೆ. ಬೆಳಿಗ್ಗೆ ಮೊದಲು ಸ್ವಲ್ಪ ಬಿಗಿಯಾಗುವ ಕಡೆಗೇ ತಿರುಗಿಸಿ ನೋಡಬೇಕು, ಆಮೇಲೆ ಸಡಿಲಿಸಬೇಕು, ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ. ಸಾಕೆಟ್ ಆರು ಮೂಲೆಯದ್ದೇ ಇರಲಿ. ಹನ್ನೆರಡು ಮೂಲೆಯದ್ದು ತುಕ್ಕು ತಿಂದ ತಲೆಯನ್ನು ಸವೆಸಿ ಉರುಟು ಮಾಡಿಬಿಡುತ್ತದೆ, ಆಮೇಲೆ ಹಿಡಿತವೇ ಸಿಗುವುದಿಲ್ಲ. ಇಷ್ಟು ಮಾಡಿಯೂ ಬರದಿದ್ದರೆ ಬುಷ್‌ನ ಎರಡೂ ಬದಿ ಬ್ಲೇಡ್ ಹಾಕಿ ಬೋಲ್ಟನ್ನೇ ಕತ್ತರಿಸಿ ಆರ್ಮನ್ನು ಹೊರಗೆ ತೆಗೆಯುವುದೇ ಒಳ್ಳೆಯದು. ಬುಷ್ ಹೇಗೂ ಹೊಸದು ಹಾಕುತ್ತೇವೆ, ಬೋಲ್ಟೂ ಹೊಸದಾಗಲಿ. ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡಿನ ತುದಿಯ ಜಾಯಿಂಟ್, ಅಂದರೆ ಟೈ ರಾಡ್ ಎಂಡಿನದ್ದು ಬೇರೆ ಕಥೆ. ಅಲ್ಲಿ ಕಂಬಿ ಮೊನೆಯ ಕಡೆ ಸಣ್ಣದಾಗುತ್ತಾ ಹೋಗಿ ತೂತಿನಲ್ಲಿ ಕಚ್ಚಿ ಕೂತಿರುತ್ತದೆ. ಥ್ರೆಡ್ ಮೇಲೆ ಹೊಡೆದು ಅದನ್ನು ಹಾಳು ಮಾಡುವ ಬದಲು, ಅದು ಕೂತಿರುವ ತೋಳಿನ ಒಂದು ಬದಿಗೆ ಭಾರದ ಸುತ್ತಿಗೆ ಒತ್ತಿ ಹಿಡಿದು ಇನ್ನೊಂದು ಬದಿಗೆ ಬಲವಾಗಿ ಹೊಡೆದರೆ ಟಪ್ ಅಂತ ಬಿಟ್ಟುಕೊಳ್ಳುತ್ತದೆ.

ಇದಕ್ಕೆಲ್ಲ ಹೊತ್ತು ಬೇಕು ಅಲ್ವಾ? ಸಂಜೆಯೊಳಗೆ ಆಗಲೇಬೇಕು ಅಂದಾಗ ಗ್ಯಾಸ್ ಕಟಿಂಗ್‌ನವರನ್ನು ಕರೆಯುತ್ತಾರೆ. ಬೆಂಕಿ ಕೆಲಸ ಮಾಡುತ್ತದೆ, ಸುಳ್ಳಲ್ಲ. ನಟ್ ಮಾತ್ರ ಕೆಂಪಗೆ ಕಾಯಿಸಿದರೆ ಅದು ಹಿಗ್ಗಿ ಹಿಡಿತ ಬಿಡುತ್ತದೆ. ಆದರೆ ಅದೇ ಜಾಗದ ಆಸುಪಾಸಿನಲ್ಲಿ ಬ್ರೇಕ್ ಹೋಸ್ ಇರುತ್ತದೆ, ಕೆಲವು ಕಾರುಗಳಲ್ಲಿ ಪೆಟ್ರೋಲ್ ಪೈಪೂ ಹತ್ತಿರದಲ್ಲೇ ಹಾದುಹೋಗುತ್ತದೆ. ಸ್ವಲ್ಪ ಮೊದಲು ಸುರಿದ ಎಣ್ಣೆಯೂ ಹೊತ್ತಿಕೊಳ್ಳುತ್ತದೆ. ಶಾಕ್ ಅಬ್ಸಾರ್ಬರ್‌ಗಂತೂ ಬೆಂಕಿ ತೋರಿಸಲೇಬಾರದು. ಅದು ಎಣ್ಣೆ ತುಂಬಿ ಬಿಗಿದ ಡಬ್ಬಿ, ಕೆಲವದರಲ್ಲಿ ಒತ್ತಡದ ಗ್ಯಾಸ್ ಕೂಡ ಇರುತ್ತದೆ, ಸಿಡಿದರೆ ಎದುರಿಗಿದ್ದವನ ಮುಖಕ್ಕೇ.

ನನಗೆ ಇದಕ್ಕಿಂತಲೂ ಜಾಸ್ತಿ ಹೆದರಿಕೆ ಆಗುವುದು ಕಾಯಿಸಿ ಬಿಚ್ಚಿದ ಬೋಲ್ಟನ್ನೇ ತಣ್ಣಗಾದ ಮೇಲೆ ಮತ್ತೆ ಹಾಕುವುದನ್ನು ನೋಡಿದಾಗ. ಆ ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಅಂತ ಇರುತ್ತದೆ, ಅದು ಅದರ ಗಟ್ಟಿತನದ ಗುರುತು. ಆ ಗಟ್ಟಿತನ ಬಂದಿರುವುದೇ ಕಾರ್ಖಾನೆಯಲ್ಲಿ ಲೆಕ್ಕ ಹಾಕಿ ಕಾಯಿಸಿ ತಣಿಸಿದ್ದರಿಂದ. ನಾವು ಕೆಂಪಗೆ ಕಾಯಿಸಿದರೆ ಅದು ಹೋಯಿತು, ನೋಡಲು ಮಾತ್ರ ಮೊದಲಿನ ಹಾಗೇ ಇರುತ್ತದೆ. ಚಕ್ರವನ್ನು ಹಿಡಿದಿಟ್ಟುಕೊಳ್ಳುವ ಬೋಲ್ಟ್ ಅದು! ಬದಲಿಗೆ ಹಾರ್ಡ್‌ವೇರ್ ಅಂಗಡಿಯಿಂದ ಯಾವುದೋ ಒಂದನ್ನು ತಂದು ತುರುಕುವುದೂ ತಪ್ಪು. ಅಲ್ಲಿ ಸಾಮಾನ್ಯವಾಗಿ ಸಿಗುವ 10 ಮಿಲಿಮೀಟರ್ ಬೋಲ್ಟಿನ ಪಿಚ್, ಅಂದರೆ ಥ್ರೆಡ್ಡಿನ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವಿನ ಅಂತರ, 1.5 ಮಿಲಿಮೀಟರ್, ಜಪಾನಿ ಮೂಲದ ಕಾರುಗಳಲ್ಲಿ ಹೆಚ್ಚಾಗಿ 1.25. ಬಲವಂತವಾಗಿ ತಿರುಗಿಸಿದರೆ ಕಾರಿನ ಕಡೆಯ ಥ್ರೆಡ್ಡೇ ಹಾಳು.

ಸರಿಯಾಗಿ ಬಿಚ್ಚಿದ ಮೇಲೂ ಅವಸರಕ್ಕೆ ಕೆಡುವ ಇನ್ನೊಂದು ಹಂತ ಇದೆ. ಕಾರು ಜಾಕಿ ಮೇಲೆ ಇರುವಾಗ, ಚಕ್ರ ಜೋತಾಡುತ್ತಿರುವಾಗಲೇ ಬುಷ್ ಬೋಲ್ಟನ್ನು ಪೂರ್ತಿ ಬಿಗಿ ಮಾಡಿಬಿಡುತ್ತಾರೆ. ಆಮೇಲೆ ಕಾರು ಕೆಳಗಿಳಿದು ಭಾರ ಬಿದ್ದಾಗ ರಬ್ಬರ್ ಹಿಂಡಿಕೊಂಡೇ ಕೂರುತ್ತದೆ, ಅದೇ ಸ್ಥಿತಿಯಲ್ಲಿ ಓಡಿ ಬೇಗ ಹರಿಯುತ್ತದೆ. "ಹೊಸ ಬುಷ್ ಇಷ್ಟು ಬೇಗ ಹೋಯ್ತಾ, ಡೂಪ್ಲಿಕೇಟ್ ಹಾಕಿದ್ದೀರಾ" ಎಂದು ಜನ ಜಗಳಕ್ಕೆ ಬರುತ್ತಾರೆ. ಬೋಲ್ಟಿನ ಮೈಗೆ ಗ್ರೀಸ್ ಸವರಿ, ಸುಮ್ನೆ ಕೈಬಿಗಿಯಲ್ಲಿ ಹಾಕಿ, ಚಕ್ರ ನೆಲಕ್ಕೆ ಮುಟ್ಟಿ ಕಾರಿನ ಭಾರ ಅದರ ಮೇಲೆ ನಿಂತ ಮೇಲೆ ಕೊನೆಯ ಬಿಗಿ ಕೊಡಬೇಕು. ಅದಾದ ಮೇಲೆ ವೀಲ್ ಅಲೈನ್‌ಮೆಂಟ್.

ಮನೆಯಲ್ಲೇ ಮಾಡಿಕೊಳ್ಳುತ್ತೇವೆ ಅನ್ನುವ ಹುಡುಗರೂ ಈಗ ಇದ್ದಾರೆ, ಸಂತೋಷ. ಬರೀ ಜಾಕಿ ನಂಬಿ ಕಾರಿನಡಿ ಮಲಗಬೇಡಿ, ಸ್ಟ್ಯಾಂಡ್ ಕೊಡಿ. ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಶಾಕ್ ಅಬ್ಸಾರ್ಬರ್‌ನ ಮೇಲಿನ ನಟ್ ಮುಟ್ಟಲೇಬೇಡಿ. ಆ ಸ್ಪ್ರಿಂಗ್ ಹಾರಿದರೆ ಜೀವವೇ ಹೋಗಬಹುದು.

ಕಾರಿನ ಮಾಲೀಕರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. 15 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣಕ್ಕೆ ಆರ್‌ಟಿಒ ಕಚೇರಿಗೆ ಹೋಗುವ ಹಿಂದಿನ ದಿನ ಗ್ಯಾರೇಜಿಗೆ ತರಬೇಡಿ, ಒಂದು ವಾರ ಮೊದಲೇ ತನ್ನಿ. ಎಣ್ಣೆ ಹಾಕಿ ರಾತ್ರಿ ನಿಲ್ಲಿಸಬೇಕು ಅಂದರೆ ಒಪ್ಪಿಕೊಳ್ಳಿ. ಬೋಲ್ಟ್ ಬಿಚ್ಚುವುದಕ್ಕೆ ಇಷ್ಟು ಕೂಲಿಯಾ ಎಂದು ಚೌಕಾಸಿ ಮಾಡುವ ಮೊದಲು ತೆಗೆದ ಹಳೇ ಬೋಲ್ಟನ್ನು ಕೈಗೆ ತಗೊಂಡು ನೋಡಿ. ಬಿಲ್ಲಿನಲ್ಲಿ ಬುಷ್ ಜೊತೆ ಹೊಸ ಬೋಲ್ಟ್, ನಟ್ ಬರೆದಿದೆಯಾ ನೋಡಿ, ಇಲ್ಲದಿದ್ದರೆ ಯಾಕೆ ಇಲ್ಲ ಅಂತ ಕೇಳಿ. ಆಯುಧಪೂಜೆಗೆ ಕಾರು ತೊಳೆಯುವಾಗ ಮೇಲೆ ಹೊಳಪು ಬಂದರೆ ಸಾಲದು, ಅಡಿಗೂ ಸಿಹಿನೀರಿನ ಪೈಪ್ ಹಿಡಿದು ಮಳೆಗಾಲದ ಕೆಸರು, ಉಪ್ಪು ಎಲ್ಲ ಇಳಿಸಿ. ಮೀನಿನ ಲಾರಿಗಳು ಉಪ್ಪುನೀರನ್ನು ರಸ್ತೆಗೆ ಬಿಡದೆ ಟ್ಯಾಂಕಿನಲ್ಲೇ ಹಿಡಿದುಕೊಂಡು ಹೋಗುವಂತೆ ಜಿಲ್ಲಾಡಳಿತ ಈ ಮಳೆಗಾಲದೊಳಗೆ ಬಿಗಿ ಮಾಡಲಿ.

— ಒಬ್ಬ ಗ್ಯಾರೇಜ್ ಮೆಕ್ಯಾನಿಕ್, ಉಡುಪಿ