ಹಿಂದಕ್ಕೆ ತಿರುಗಬೇಡ, ಮಗಳೇ

ಪುಟ್ಟೀ,

ನಾಳೆ ನೀನು ಒಬ್ಬಳೇ ವಿಮಾನ ಹಾರಿಸಿಕೊಂಡು ದೂರದ ಊರಿಗೆ ಹೊರಡುವ ಮೊದಲ ಕ್ರಾಸ್‌ಕಂಟ್ರಿ. ಹೆಮ್ಮೆ ಎಷ್ಟಿದೆ ಅಂತ ಬರೆಯುತ್ತ ಕೂತರೆ ಹೇಳಬೇಕಾದ್ದು ಉಳಿದುಹೋಗುತ್ತದೆ. ನಿನ್ನೆ ಫೋನಿನಲ್ಲಿ, "ಟೇಕಾಫ್ ಆದಮೇಲೆ ಎಂಜಿನ್ ನಿಂತರೆ ರನ್‌ವೇಗೇ ವಾಪಸ್ ಬರ್ತೀನಮ್ಮ, 500 ಅಡಿ ಸಾಕು" ಅಂದೆ. ನಾನು ದನಿ ಏರಿಸಿದೆ, ನೀನು ಫೋನ್ ಇಟ್ಟುಬಿಟ್ಟೆ. ದನಿ ಏರಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ, ಕಂದ. ಆದರೆ ಹೇಳಿದ ಮಾತನ್ನು ಬಿಡಲಾರೆ. ಲೆಕ್ಕ ಹಾಕಿ ತೋರಿಸುತ್ತೇನೆ, ನೋಡು.

ರನ್‌ವೇ ಬೆನ್ನ ಹಿಂದೆಯೇ ಇದೆ, 180 ಡಿಗ್ರಿ ತಿರುಗಿದರೆ ಆಯಿತು ಅನ್ನಿಸುತ್ತದೆ. ಆಗುವುದಿಲ್ಲ. ಅಷ್ಟು ತಿರುಗುವ ಹೊತ್ತಿಗೆ ರನ್‌ವೇಯ ನೇರದಿಂದ ಪಕ್ಕಕ್ಕೆ ಸರಿದಿರುತ್ತೀಯ. ಅದರ ಕಡೆ ಬರಲು ಇನ್ನೂ 45 ಡಿಗ್ರಿ, ನೇರ ಮಾಡಿಕೊಳ್ಳಲು ಆಚೆಗೆ ಮತ್ತೆ 45. ಒಟ್ಟು 270. 70 ನಾಟ್ (ಗಂಟೆಗೆ ಸುಮಾರು 130 ಕಿ.ಮೀ.) ವೇಗದಲ್ಲಿ 30 ಡಿಗ್ರಿ ವಾಲಿಸಿದರೆ ಸೆಕೆಂಡಿಗೆ ಸುಮಾರು 9 ಡಿಗ್ರಿ ತಿರುಗುತ್ತೀಯ, ಅಂದರೆ ತಿರುಗುವುದಕ್ಕೇ 30 ಸೆಕೆಂಡು. ನಿಮಿಷಕ್ಕೆ 800 ಅಡಿ ಇಳಿಯುತ್ತೀಯ ಅಂದುಕೊಂಡರೂ 400 ಅಡಿ ಅಲ್ಲೇ ಹೋಯಿತು. ಎಂಜಿನ್ ನಿಂತಿದೆ ಅಂತ ಮನಸ್ಸು ಒಪ್ಪಿಕೊಳ್ಳುವುದಕ್ಕೇ ಮೂರು ನಾಲ್ಕು ಸೆಕೆಂಡು ಬೇಕು. ಅದನ್ನೂ ಕಳೆದು, ರನ್‌ವೇ ತನಕ ತೇಲಿ ಬರುವುದಕ್ಕೆ ಏನು ಉಳಿಯಿತು ಹೇಳು.

ಜಾಸ್ತಿ ವಾಲಿಸಿ ಬೇಗ ತಿರುಗಿಸುತ್ತೀನಿ ಅಂತೀಯ. 45 ಡಿಗ್ರಿಗೆ ಸಮಯ ಉಳಿಯುತ್ತದೆ, ನಿಜ. ಆದರೆ ಎತ್ತರ ಬಿಡದ ತಿರುವಿನಲ್ಲಿ ಸ್ಟಾಲ್ ವೇಗ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದೆ ಕೈಬಿಡುವ ವೇಗ, ಶೇ 19ರಷ್ಟು ಏರುತ್ತದೆ. ನೇರ ಹಾರುವಾಗ 50 ನಾಟ್‌ಗೆ ಸ್ಟಾಲ್ ಆಗುವ ವಿಮಾನ ಆಗ ಸುಮಾರು 60ಕ್ಕೇ ಆಗುತ್ತದೆ. ನೀನಿರುವುದು 65-70ರಲ್ಲಿ. ನೆಲ ಹತ್ತಿರ ಬರುತ್ತಿರುವುದು ಕಂಡಾಗ ಕೈ ತಾನಾಗಿ ಮೂಗು ಎತ್ತಲು ಯೋಕ್ ಹಿಡಿ ಎಳೆಯುತ್ತದೆ, ಬೇಗ ತಿರುಗಲಿ ಅಂತ ಕಾಲು ಮೂಗನ್ನು ಪಕ್ಕಕ್ಕೆ ತಿರುಗಿಸುವ ಒಳಬದಿಯ ರಡರ್ ಪೆಡಲ್ ಒತ್ತುತ್ತದೆ. ಒಳಗಿನ ರೆಕ್ಕೆ ಮೊದಲು ಸ್ಟಾಲ್ ಆಗಿ ವಿಮಾನ ಗಿರಗಿರನೆ ಸುತ್ತುತ್ತ ಸ್ಪಿನ್‌ಗೆ ಬೀಳುತ್ತದೆ. ಆ ಎತ್ತರದಲ್ಲಿ ಅದರಿಂದ ಹೊರಬರಲು ಜಾಗವಿಲ್ಲ. ಎಂಜಿನ್ ನಿಲ್ಲುವುದಕ್ಕೆ ನಾನು ಇಷ್ಟು ಹೆದರುವುದಿಲ್ಲ, ಈ ತಿರುವಿಗೆ ಹೆದರುತ್ತೇನೆ.

ಗಾಳಿಯನ್ನೂ ಸೇರಿಸು. 10 ನಾಟ್ ಎದುರುಗಾಳಿಗೆ ಎದ್ದಿದ್ದೀಯ ಅಂದುಕೋ. ನೇರ ಮುಂದೆ 60 ನಾಟ್‌ನಲ್ಲಿ ಇಳಿದರೆ ನೆಲದ ಮೇಲಿನ ವೇಗ 50. ತಿರುಗಿ ಬಂದರೆ ಅದೇ ಗಾಳಿ ಬೆನ್ನಿಗೆ, ವೇಗ 70. ಶಕ್ತಿ ವೇಗದ ವರ್ಗದಷ್ಟು ಏರುವುದರಿಂದ ಅಪ್ಪಳಿಸಿದರೆ ಹೊಡೆತ ಹೆಚ್ಚುಕಡಿಮೆ ಎರಡರಷ್ಟು.

ಹಾಗಾಗಿ ಎಂಜಿನ್ ನಿಂತ ಕೂಡಲೇ ಮೂಗು ಕೆಳಗೆ. ಏರುವಾಗ ಮೂಗು ಮೇಲಿರುತ್ತದೆ, ವೇಗ ಕಣ್ಣೆದುರೇ ಕರಗುತ್ತದೆ. ನೆಲದ ಕಡೆ ನೂಕಲು ಮನಸ್ಸು ಬಾರದು, ಆದರೂ ನೂಕು. ನಿನ್ನ ವಿಮಾನದ ಕೈಪಿಡಿಯಲ್ಲಿರುವ ಗ್ಲೈಡ್ ವೇಗ, ಅಂದರೆ ಎಂಜಿನ್ ಇಲ್ಲದೆ ಅತಿ ದೂರ ತೇಲುವ ವೇಗ, ಹಿಡಿ. ಎಡಕ್ಕೋ ಬಲಕ್ಕೋ 30 ಡಿಗ್ರಿಯೊಳಗೆ ಯಾವ ಬಯಲು ಸಿಕ್ಕಿದರೆ ಅದು. ಉತ್ತ ಹೊಲವಾದರೆ ಸಾಲಿನ ಉದ್ದಕ್ಕೆ ಇಳಿ, ಅಡ್ಡಕ್ಕೆ ಬೇಡ. ಬಯಲೇ ಇಲ್ಲದಿದ್ದರೆ ಎರಡು ಮರಗಳ ನಡುವೆ ಮೂಗು ತೂರಿಸು, ರೆಕ್ಕೆ ಮುರಿಯಲಿ. ಗಂಟೆಗೆ 80 ಕಿ.ಮೀ. ವೇಗ ಒಂದೇ ಸಮನೆ ತಗ್ಗುತ್ತ ಬಂದರೆ 9 ಜಿ (ಮೈತೂಕದ ಒಂಬತ್ತು ಪಟ್ಟು ಒತ್ತಡ) ಒಳಗೆ ನಿಲ್ಲಲು ಸುಮಾರು 3 ಮೀಟರ್ ಸಾಕು. ಬೆಲ್ಟು ಬಿಗಿಯಾಗಿದ್ದರೆ ಮೈ ಅದನ್ನು ತಾಳಿಕೊಳ್ಳುತ್ತದೆ. ವಿಮಾನ ಉಳಿಸಲು ಹೋಗಬೇಡ.

ಪಾಠ ಅನ್ನಿಸಿದರೆ ಅನ್ನಿಸಲಿ. ನಿನ್ನ ಇನ್‌ಸ್ಟ್ರಕ್ಟರ್ ಜೊತೆ ಒಮ್ಮೆ 3,000 ಅಡಿಯಲ್ಲಿ ಥ್ರಾಟಲ್ ಪೂರ್ತಿ ಎಳೆದು ಎಂಜಿನ್ ಶಕ್ತಿ ತಗ್ಗಿಸಿ, ನಾಲ್ಕು ಸೆಕೆಂಡು ಕಾದು, 270 ಡಿಗ್ರಿ ತಿರುಗಿ ನೋಡು. ಕಳೆದ ಎತ್ತರಕ್ಕೆ ಅದರರ್ಧ ಸೇರಿಸು. ಬಂದ ಸಂಖ್ಯೆಗಿಂತ ಕೆಳಗಿದ್ದರೆ ನೇರ ಮುಂದೆ, ಚರ್ಚೆಯಿಲ್ಲ. ಪ್ರತಿ ಟೇಕಾಫ್‌ಗೂ ಮೊದಲು ಅದನ್ನು ಬಾಯಿಬಿಟ್ಟು ಹೇಳಿಕೋ.

ದಾರಿಯ ಮಧ್ಯೆ ಎತ್ತರದಲ್ಲಿ ಎಂಜಿನ್ ನಿಂತರೆ ಇಷ್ಟು ಭಯವಿಲ್ಲ. ನಿನ್ನ ಸೆಸ್ನಾ 172 ಪ್ರತಿ ಸಾವಿರ ಅಡಿಗೆ ಒಂದೂವರೆ ನಾಟಿಕಲ್ ಮೈಲಿ ತೇಲುತ್ತದೆ. ಮೊದಲು ಗ್ಲೈಡ್ ವೇಗ, ಆಮೇಲೆ ಇಳಿಯುವ ಜಾಗ, ಆಮೇಲೇ ಕಾರಣ ಹುಡುಕು: ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಬಿಡುವ ಕಾರ್ಬ್ ಹೀಟ್ ಎಳೆ, ಫ್ಯೂಯಲ್ ಸೆಲೆಕ್ಟರ್ ಬೋತ್‌ನಲ್ಲಿ (ಎರಡೂ ಟ್ಯಾಂಕಿಗೆ) ಇದೆಯಾ ನೋಡು, ಮಿಕ್ಸ್ಚರ್ ರಿಚ್ (ಇಂಧನ ಹೆಚ್ಚು), ಕಿಡಿ ಕೊಡುವ ಮ್ಯಾಗ್ನೆಟೋ ಎರಡೂ. ತೇವದ ಹವೆಯಲ್ಲಿ ಹೊರಗೆ 25 ಡಿಗ್ರಿ ಇದ್ದರೂ ಕಾರ್ಬ್ಯುರೇಟರ್‌ನಲ್ಲಿ ಐಸ್ ಕಟ್ಟುತ್ತದೆ. ಕಾರ್ಬ್ ಹೀಟ್ ಎಳೆದಾಗ ಕರಗಿದ ನೀರು ಒಳಗೆ ಹೋಗಿ ಎಂಜಿನ್ ಇನ್ನೂ ಒರಟಾಗಿ ಕೆಮ್ಮಬಹುದು. ಹೆದರಿ ವಾಪಸ್ ತಳ್ಳಬೇಡ. ಪುರುಸೊತ್ತು ಸಿಕ್ಕರೆ ತುರ್ತು ರೇಡಿಯೊ ಫ್ರೀಕ್ವೆನ್ಸಿ 121.5ರಲ್ಲಿ ಮೇಡೇ ಕರೆ, ರೇಡಾರ್‌ಗೆ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ಗೆ ತುರ್ತು ಕೋಡ್ 7700. ನೆಲ ಮುಟ್ಟುವ ಮೊದಲು ಇಂಧನ, ಮ್ಯಾಗ್ನೆಟೋ ಬಂದ್. ಬಾಗಿಲಿನ ಚಿಲಕ ತೆಗೆದಿಡು, ಬಾಗಿಲು ಜಖಂ ಆದರೆ ಆಮೇಲೆ ತೆರೆಯುವುದಿಲ್ಲ. ಮಾಸ್ಟರ್ ಸ್ವಿಚ್ ಕೊನೆಗೆ, ನಿಧಾನವಾಗಿ ಇಳಿಯಲು ನೆರವಾಗುವ ರೆಕ್ಕೆಯ ಫ್ಲ್ಯಾಪ್ ಇಳಿಸಲು ಕರೆಂಟು ಬೇಕು.

ಹೊರಡುವ ಮೊದಲು ಇಂಧನದ ಗೇಜ್ ನಂಬಬೇಡ, ಟ್ಯಾಂಕಿಗೆ ಡಿಪ್‌ಸ್ಟಿಕ್ ಇಳಿಸಿ ನೋಡು. ಪ್ರತಿ ಡ್ರೈನ್‌ನಿಂದ ಇಂಧನ ತೆಗೆದು ಬೆಳಕಿಗೆ ಹಿಡಿ. ತಳದಲ್ಲಿ ನೀರು ನಿಂತಿದ್ದರೆ ಅದು ಪೂರ್ತಿ ಹೋಗುವ ತನಕ ತೆಗೆಯುತ್ತಲೇ ಇರು.

ಇಳಿದ ಮೇಲೆ ಮೊದಲು ಫ್ಲೈಟ್ ಪ್ಲ್ಯಾನ್ ಮುಚ್ಚಿಸು, ಇಲ್ಲದಿದ್ದರೆ ನಿನ್ನನ್ನು ಹುಡುಕಲು ಶುರುಮಾಡುತ್ತಾರೆ. ನನಗೆ ಫೋನ್ ಅದಾದಮೇಲೆ. ಕೋಪ ಇದ್ದರೂ ಮಾಡು.

ಇಂತಿ,
ನಿನ್ನ ಅಮ್ಮ