34 ಬಂತು ಅಂತ ಹೆದರಬೇಡ

ಪ್ರೀತಿಯ ಮಗೂ,

ದೊಡ್ಡಮ್ಮನ ಆಶೀರ್ವಾದ. ನಿನ್ನ ಪತ್ರ ಓದಿದೆ. ಹೊಸ ಕೆಲಸದಲ್ಲಿ ಮೊದಲ ಸಲ ಗೇಜ್ ಆರ್ ಅಂಡ್ ಆರ್, ಅಂದರೆ ಅಳತೆಯ ಏರುಪೇರಿನಲ್ಲಿ ಉಪಕರಣದ್ದೆಷ್ಟು, ಅಳೆಯುವವರದ್ದೆಷ್ಟು ಅಂತ ನೋಡುವ ಸ್ಟಡಿ, ಮಾಡಿದ್ದೀಯ, ಶೇಕಡ 34 ಬಂದಿದೆ, ಆಡಿಟ್ ಬರುವುದರೊಳಗೆ ಅದನ್ನು 10ಕ್ಕೆ ಇಳಿಸು ಅಂತ ಮ್ಯಾನೇಜರ್ ಹೇಳಿದ್ದಾರೆ. ಹೊಸ ಮೈಕ್ರೋಮೀಟರ್ ತರಿಸೋಣವಾ, ಇಲ್ಲ ಸ್ಟಡಿಯನ್ನೇ ಇನ್ನೊಂದು ಸಲ ಮಾಡಿಬಿಡೋಣವಾ ಅಂತ ಕೇಳಿದ್ದೀಯ. ಸದ್ಯಕ್ಕೆ ಎರಡೂ ಬೇಡ. ಆ 34 ಎಲ್ಲಿಂದ ಬಂತು ಅಂತ ಮೊದಲು ನೋಡೋಣ. ನಿವೃತ್ತಿ ಆಗುವ ತನಕ ಇನ್ಸ್‌ಪೆಕ್ಷನ್ ರೂಮಿನಲ್ಲೇ ಇದ್ದವಳು ನಾನು. ಈ ವಿಷಯ ಬಂದರೆ ಮಾತು ಸ್ವಲ್ಪ ಜಾಸ್ತಿಯೇ ಆಗುತ್ತೆ, ಸಹಿಸಿಕೊ.

ನೀನು ಕಳಿಸಿದ ಹಾಳೆ ನೋಡಿದೆ. 25 ಮಿಲಿಮೀಟರ್ ಶಾಫ್ಟ್, ಟಾಲರೆನ್ಸ್, ಅಂದರೆ ಒಪ್ಪುವ ಹೆಚ್ಚುಕಮ್ಮಿ, ಮೇಲಕ್ಕೆ 20 ಮೈಕ್ರಾನ್, ಕೆಳಕ್ಕೆ 20 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). 10 ಪೀಸ್, 3 ಜನ, ಒಬ್ಬೊಬ್ಬರು 3 ಸಲ, ಒಟ್ಟು 90 ರೀಡಿಂಗ್. ಅದೇ ಮನುಷ್ಯ ಅದೇ ಮೈಕ್ರೋಮೀಟರ್‌ನಿಂದ ಅದೇ ಪೀಸನ್ನು ಮತ್ತೆ ಮತ್ತೆ ಅಳೆದಾಗ ಬರುವ ಏರುಪೇರು, ಅಂದರೆ ರಿಪೀಟಬಿಲಿಟಿ, ಸಿಗ್ಮಾ (ಸರಾಸರಿಯಿಂದ ರೀಡಿಂಗುಗಳು ಎಷ್ಟು ಚದುರಿವೆ ಅನ್ನುವ ಅಳತೆ) ಲೆಕ್ಕದಲ್ಲಿ 0.8 ಮೈಕ್ರಾನ್. ಅಳೆಯುವ ಕೈ ಬದಲಾದಾಗ ಬರುವ ಏರುಪೇರು, ಅಂದರೆ ರಿಪ್ರೊಡ್ಯೂಸಿಬಿಲಿಟಿ, 1.27. ಪೀಸಿನಿಂದ ಪೀಸಿಗೆ ನಿಜವಾಗಿ ಇರುವ ವ್ಯತ್ಯಾಸ 4.15.

ಇವನ್ನು ನೇರವಾಗಿ ಕೂಡಿಸುವ ಹಾಗಿಲ್ಲ ಅಂತ ನಿನಗೆ ಗೊತ್ತು. ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಬೇಕು. 0.8 ಮತ್ತು 1.27 ಸೇರಿದರೆ 2.07 ಆಗುವುದಿಲ್ಲ, 1.5 ಆಗುತ್ತೆ. ಅದಕ್ಕೆ 4.15 ಸೇರಿದರೆ ಒಟ್ಟು 4.41. 1.5ನ್ನು 4.41ರಿಂದ ಭಾಗಿಸು, ನಿನ್ನ 34 ಬಂತು.

ಹೊಸ ಮೈಕ್ರೋಮೀಟರ್ ಬೇಕಾ ಅನ್ನುವ ಪ್ರಶ್ನೆಗೆ ಉತ್ತರ ಇದೇ ಲೆಕ್ಕದಲ್ಲಿದೆ. ಒಂದಿಷ್ಟೂ ಅಲುಗಾಡದ, ಕನಸಿನಂಥ ಮೈಕ್ರೋಮೀಟರ್ ಸಿಕ್ಕಿತು ಅಂತಲೇ ಇಟ್ಟುಕೊ. 0.8 ಸೊನ್ನೆ ಆಯಿತು. ಆಗಲೂ 1.27 ಹಾಗೇ ಉಳಿಯುತ್ತೆ, ಶೇಕಡ ಇಳಿಯುವುದು 29ಕ್ಕೆ ಅಷ್ಟೇ. ಇರುವ ಮೈಕ್ರೋಮೀಟರ್ ಇಟ್ಟುಕೊಂಡೇ ಮೂವರ ಕೈಯನ್ನು ಒಂದೇ ರೀತಿಗೆ ತಂದು 1.27ನ್ನು ಅರ್ಧ ಮಾಡಿದರೆ 24ಕ್ಕೆ ಬರುತ್ತೆ. ದುಡ್ಡು ಹಾಕುವ ಮೊದಲು ಈ ಎರಡು ಸಾಲನ್ನು ಮ್ಯಾನೇಜರ್ ಮುಂದೆ ಇಡು. ವರ್ಗದ ಲೆಕ್ಕದ ಗುಣವೇ ಅದು ಕಣೋ. ದೊಡ್ಡ ಏರುಪೇರನ್ನು ಮುಟ್ಟದೆ ಚಿಕ್ಕದನ್ನು ಎಷ್ಟು ತಿದ್ದಿದರೂ ಒಟ್ಟು ಮೊತ್ತ ಹೆಚ್ಚು ಅಲ್ಲಾಡುವುದಿಲ್ಲ.

ಹಾಗಾದರೆ ಕೈಯಲ್ಲಿ ಏನು ನಡೆಯುತ್ತಿದೆ? ಇದಕ್ಕೆ ಕಂಪ್ಯೂಟರ್ ಬಿಟ್ಟು ಎದ್ದು ಹೋಗಬೇಕು. ಮೂವರ ಸರಾಸರಿಗಳಲ್ಲಿ ಅತಿ ಹೆಚ್ಚಿಗೂ ಅತಿ ಕಡಿಮೆಗೂ ನಡುವೆ ಸುಮಾರು 2.4 ಮೈಕ್ರಾನ್ ಅಂತರ ಇದೆ. ಕಡಿಮೆ ಓದುವವರ ಪಕ್ಕ ನಿಂತು ನೋಡು. ಅವರು ರ‍್ಯಾಚೆಟ್ (ಒಂದೇ ಬಿಗಿಗೆ ನಿಲ್ಲಿಸುವ ತುದಿಯ ತಿರುಪು) ತಿರುಗಿಸುತ್ತಾರಾ, ಇಲ್ಲ ಥಿಂಬಲ್ (ತಿರುಗಿಸುವ ದಪ್ಪ ಹಿಡಿ) ಹಿಡಿದೇ ಬಿಗಿ ಮಾಡುತ್ತಾರಾ? ಬಿಗಿ ಜಾಸ್ತಿಯಾದರೆ ರೀಡಿಂಗ್ ಕಮ್ಮಿ ಬರುತ್ತೆ. ಸೊನ್ನೆ ಹೊಂದಿಸಿದ್ದು ಯಾರು? ಒಬ್ಬರು ಹಗುರ ಕೈಯಲ್ಲಿ ಸೊನ್ನೆ ಮಾಡಿ, ಇನ್ನೊಬ್ಬರು ಬಿಗಿ ಕೈಯಲ್ಲಿ ಅಳೆದರೆ ಎಲ್ಲ ಪೀಸಿನ ಮೇಲೂ ಒಂದೇ ಅಳತೆಯ ತಪ್ಪು ಕೂತುಬಿಡುತ್ತೆ. ಅಳೆಯುವ ಮುಖ ಒರೆಸುತ್ತಾರಾ? ಶಾಫ್ಟಿನ ತುದಿಯಲ್ಲಿ ಅಳೆಯುತ್ತಾರಾ, ನಡುವೆಯಾ? ತುದಿಯಲ್ಲಿ ಬರ್ (ಚೂಪಾಗಿ ಉಳಿದ ಲೋಹದ ಅಂಚು) ಇದೆಯಾ?

ಎಲ್ಲಿ ಅಳೆಯುತ್ತಾರೆ ಅನ್ನುವುದನ್ನು ಹಗುರವಾಗಿ ತಗೋಬೇಡ. ಶಾಫ್ಟ್ ಪೂರ್ತಿ ಗುಂಡಗೆ ಇರುವುದಿಲ್ಲ, ಉದ್ದಕ್ಕೂ ಒಂದೇ ದಪ್ಪ ಇರುವುದಿಲ್ಲ. ಒಬ್ಬರು ಒಂದು ಕಡೆ, ಇನ್ನೊಬ್ಬರು ಇನ್ನೊಂದು ಕಡೆ ಅಳೆದರೆ ಪೀಸಿನ ಸೊಟ್ಟವೆಲ್ಲ ಜನರ ತಪ್ಪಾಗಿ ಲೆಕ್ಕಕ್ಕೆ ಬರುತ್ತೆ. ಸ್ಟಡಿಗೆ ಅಂತ ಪೀಸಿನ ಮೇಲೆ ಜಾಗ ಗುರುತು ಮಾಡಿಕೊಟ್ಟರೆ ಶೇಕಡ ಇಳಿಯುತ್ತೆ ನಿಜ. ಆದರೆ ದಿನದ ಕೆಲಸದಲ್ಲಿ ಗುರುತು ಇರುವುದಿಲ್ಲವಲ್ಲ? ಗುರುತು ಮಾಡುವುದಾದರೆ ಡ್ರಾಯಿಂಗ್ ಇಲ್ಲವೇ ಕೆಲಸದ ಸೂಚನೆಯಲ್ಲೂ ಆ ಜಾಗವನ್ನೇ ಬರೆಸು, ಎಲ್ಲರೂ ದಿನಾ ಅಲ್ಲೇ ಅಳೆಯಲಿ. ಇಲ್ಲವಾದರೆ ನೀನು ಅಳೆದದ್ದು ಸ್ಟಡಿಯ ದಿನದ ಸಡಗರವನ್ನು ಅಷ್ಟೇ.

ಪ್ರತಿಯೊಬ್ಬರ ರೇಂಜ್ ಚಾರ್ಟನ್ನೂ, ಅಂದರೆ ಒಂದೇ ಪೀಸಿನ ಮೂರು ರೀಡಿಂಗಿನಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ ಇರುವ ಅಂತರದ ಚಾರ್ಟನ್ನೂ, ಕೂತು ನೋಡು. ಎಲ್ಲರೂ ಶೇಕಡ ಕಾಲಂಗೆ ಹಾರುತ್ತಾರೆ, ಚಾರ್ಟ್ ಯಾರೂ ನೋಡುವುದಿಲ್ಲ. ಮೂರು ಸಲ ಅಳೆದಾಗ ಮೇಲಿನ ಗೆರೆ ಸರಾಸರಿ ರೇಂಜಿನ 2.574 ಪಟ್ಟು. ಒಬ್ಬರದು ಮಾತ್ರ ಆ ಗೆರೆ ದಾಟುತ್ತಿದ್ದರೆ ಅವರು ಅಳೆಯುವ ರೀತಿ ಬೇರೆ. ಎಲ್ಲರದೂ ಒಂದೇ ಪೀಸಿನಲ್ಲಿ ದಾಟಿದರೆ ತೊಂದರೆ ಆ ಪೀಸಿನದು. ಇನ್ನೊಂದು ಇದೆ. ರೇಂಜ್ ಸೊನ್ನೆ, ಸೊನ್ನೆ, ಸೊನ್ನೆ ಅಂತ ಸಾಲಾಗಿ ಬಂದರೆ ಖುಷಿಪಡಬೇಡ. ಒಂದೋ ಗೇಜಿನ ಲೀಸ್ಟ್ ಕೌಂಟ್ (ಓದಬಲ್ಲ ಅತಿ ಚಿಕ್ಕ ಅಳತೆ) ಸಾಲದು, ಅಥವಾ ಹಿಂದಿನ ರೀಡಿಂಗ್ ನೋಡಿಕೊಂಡು ಬರೆದಿದ್ದಾರೆ. ಸಾಮಾನ್ಯವಾಗಿ ಅಳೆಯಬೇಕಾದ ಹರವಿನ ಹತ್ತನೇ ಒಂದು ಭಾಗವನ್ನಾದರೂ ಗೇಜ್ ಓದಬೇಕು. ನಿನ್ನದು 1 ಮೈಕ್ರಾನ್ ಓದುತ್ತೆ, ಟಾಲರೆನ್ಸ್ ಒಟ್ಟು 40. ಅಲ್ಲಿ ತೊಂದರೆ ಇಲ್ಲ.

ನೋಡಿಕೊಂಡು ಬರೆಯುವುದು ಅಂದೆ. ಯಾರೂ ಮೋಸ ಮಾಡಬೇಕು ಅಂತ ಮಾಡುವುದಿಲ್ಲ. ಮೊದಲ ಸಲ 25.004 ಬಂದದ್ದು ನೆನಪಿದ್ದರೆ ಎರಡನೇ ಸಲ ಕೈ ತಾನಾಗೇ 25.004 ಹುಡುಕುತ್ತೆ. ಅದಕ್ಕೆ ಪೀಸಿನ ನಂಬರ್ ಅಳೆಯುವವರಿಗೆ ಕಾಣಬಾರದು, ಪ್ರತಿ ಸುತ್ತಿಗೂ ಕ್ರಮ ಬದಲಾಗಬೇಕು, ರೀಡಿಂಗ್ ಬರೆದುಕೊಳ್ಳುವವರು ಬೇರೆಯವರಾಗಿರಬೇಕು. ನಿನ್ನ ಹಾಳೆಯಲ್ಲಿ ಮೂರು ಸುತ್ತೂ 1ರಿಂದ 10ರ ತನಕ ವರಸೆಯಾಗಿ ಇದೆ. ಮುಂದಿನ ಸಲ ಕಲಸಿಬಿಡು. ಅಳೆಯುವವರು ದಿನಾ ಆ ಕೆಲಸ ಮಾಡುವವರೇ ಆಗಿರಲಿ, ಎಂಜಿನಿಯರುಗಳು ಬೇಡ.

ಇನ್ನು ಪೀಸ್ ಆರಿಸುವುದು. ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ, ಯಾಕೆಂದರೆ ಬೇಕಾದ ಶೇಕಡ ತರಿಸಿಕೊಳ್ಳುವ ಕಳ್ಳದಾರಿ ಇಲ್ಲೇ ಇರುವುದು. ಮಷೀನಿನಿಂದ ಒಂದರ ಹಿಂದೆ ಒಂದು ಬಂದ ಹತ್ತು ಪೀಸ್ ತಗೊಂಡರೆ ಅವು ಹೆಚ್ಚುಕಮ್ಮಿ ಒಂದೇ ಅಳತೆ ಇರುತ್ತವೆ. ಪೀಸಿನ ವ್ಯತ್ಯಾಸ ಚಿಕ್ಕದಾಗಿ, ಗೇಜ್ ಕೆಟ್ಟದ್ದು ಅಂತ ಕಾಣುತ್ತೆ. ಅದರ ಬದಲು ಸೆಟ್ಟಿಂಗ್ ಮಾಡುವಾಗ ಕೆಟ್ಟುಹೋದ ಎರಡು ಪೀಸ್ ಒಳಗೆ ಸೇರಿಸಿದರೆ ಸಾಕು, ಪೀಸಿನ ವ್ಯತ್ಯಾಸ ಉಬ್ಬಿ ಅದೇ ಗೇಜ್ ಚಿನ್ನದಂಥದ್ದು ಅನ್ನಿಸುತ್ತೆ. ಗೇಜ್ ಬದಲಾಗಿಲ್ಲ, ಕೈ ಬದಲಾಗಿಲ್ಲ, ಭಾಗಿಸುವ ಸಂಖ್ಯೆ ಮಾತ್ರ ದೊಡ್ಡದಾಗಿದೆ. ಸ್ಟಡಿಯನ್ನು ಇನ್ನೊಂದು ಸಲ ಮಾಡು ಅಂತ ಯಾರಾದರೂ ಹೇಳಿದರೆ, ಈ ಸಲ ಪೀಸ್ ಆರಿಸುವುದು ಯಾರು ಅಂತ ಕೇಳು. ಬೇರೆ ಬೇರೆ ಶಿಫ್ಟ್, ಬೇರೆ ಬೇರೆ ದಿನ, ಟೂಲ್ ಬದಲಿಸುವ ಮೊದಲು ಮತ್ತು ಆಮೇಲೆ, ಹೀಗೆ ಮಾಮೂಲಿ ಉತ್ಪಾದನೆಯ ಪೂರ್ತಿ ಹರವು ಆ ಹತ್ತರಲ್ಲಿ ಕಾಣಬೇಕು. ಹಳೇ ದಾಖಲೆಗಳಿಂದ ಪ್ರೋಸೆಸ್ಸಿನ ಸಿಗ್ಮಾ ಚೆನ್ನಾಗಿ ಗೊತ್ತಿದ್ದರೆ ಹತ್ತು ಪೀಸಿನಿಂದ ಬಂದದ್ದನ್ನು ಬಿಟ್ಟು ಅದನ್ನೇ ಹಾಕಿ ಲೆಕ್ಕ ಮಾಡಬಹುದು. ನನ್ನ ಅಭಿಪ್ರಾಯದಲ್ಲಿ ಅದೇ ವಾಸಿ.

ಒಂದು ವಿಷಯದಲ್ಲಿ ನಿನ್ನನ್ನು ಯಾರಾದರೂ ದಾರಿ ತಪ್ಪಿಸಬಹುದು. ಸಾಫ್ಟ್‌ವೇರ್ ಎರಡು ಟೇಬಲ್ ಕೊಡುತ್ತೆ. ಒಂದರಲ್ಲಿ 34 ಇದೆ. ಇನ್ನೊಂದರಲ್ಲಿ, ಕಾಂಟ್ರಿಬ್ಯೂಷನ್ ಅಂತ ಬರೆದಿರುವ ಕಡೆ, 11.6 ಇದೆ. ಎರಡನೆಯದು ವರ್ಗಗಳ ಅನುಪಾತ: 0.34 ಗುಣಿಸು 0.34. "ಅದನ್ನೇ ತೋರಿಸಪ್ಪ, 10ಕ್ಕೆ ಹತ್ತಿರ ಇದೆ" ಅಂತ ಯಾರೋ ಹೇಳೇ ಹೇಳುತ್ತಾರೆ. 10ರ ಒಳಗಿದ್ದರೆ ಒಳ್ಳೆಯದು, 30 ದಾಟಿದರೆ ಒಪ್ಪುವ ಹಾಗಿಲ್ಲ ಅನ್ನುವ ಆ ಗಡಿ ಮೊದಲ ಟೇಬಲ್ಲಿಗೆ. ಎರಡನೆಯದಕ್ಕೆ ಗಡಿ 1 ಮತ್ತು 9. ಎಲ್ಲಿ ನೋಡಿದರೂ ನಿನ್ನದು ಹೊರಗೇ ಇದೆ. ಎನ್‌ಡಿಸಿ, ಅಂದರೆ ಗೇಜ್ ಬೇರೆ ಬೇರೆ ಅಂತ ಗುರುತಿಸಬಲ್ಲ ಗುಂಪುಗಳ ಸಂಖ್ಯೆ, ನೋಡಿದರೂ ಅದೇ ಕಥೆ: 1.41 ಗುಣಿಸು 4.15, ಭಾಗಿಸು 1.5, ಬಂದದ್ದು 3.9, ದಶಮಾಂಶ ಬಿಟ್ಟರೆ 3. ಕಮ್ಮಿ ಅಂದರೂ 5 ಇರಬೇಕು. ಅಂದರೆ ನಿನ್ನ ಗೇಜ್ ಪೀಸ್‌ಗಳನ್ನು ಮೂರು ಗುಂಪಾಗಿ ಮಾತ್ರ ಬಿಡಿಸಿ ಹೇಳಬಲ್ಲದು: ದಪ್ಪ, ಸಾಧಾರಣ, ಸಣ್ಣ.

ಹಾಗಂತ 34 ಅಂದರೆ ಎಲ್ಲ ಮುಳುಗಿತು ಅಂತಲೂ ಅಲ್ಲ. ಟಾಲರೆನ್ಸಿಗೆ ಹೋಲಿಸಿದರೆ ನಿನ್ನ ಗೇಜಿನ ಏರುಪೇರು 1.5ರ ಆರು ಪಟ್ಟು, 9 ಮೈಕ್ರಾನ್. 40ರಲ್ಲಿ 9 ಅಂದರೆ ಶೇಕಡ 22.5. ಪೀಸ್ ಸರಿಯೋ ತಪ್ಪೋ ಅಂತ ಬೇರ್ಪಡಿಸುವುದಷ್ಟೇ ಕೆಲಸವಾದರೆ ಈ ಸಂಖ್ಯೆ ನೋಡಬೇಕು, ಸದ್ಯಕ್ಕೆ ನಡೆಯುತ್ತೆ. ಪ್ರೋಸೆಸ್ ಎತ್ತ ಸರಿಯುತ್ತಿದೆ ಅಂತ ಕಂಟ್ರೋಲ್ ಚಾರ್ಟ್ ಹಾಕಿ ನೋಡುವುದಾದರೆ 34 ನೋಡಬೇಕು, ಅಲ್ಲಿ ನಡೆಯುವುದಿಲ್ಲ. ಚಾರ್ಟಿನ ಚುಕ್ಕಿ ಮೇಲೆ ಹೋದಾಗ ಹೋದದ್ದು ಶಾಫ್ಟಾ, ಅಳೆದ ಕೈಯಾ ಅಂತ ಆಪರೇಟರಿಗೆ ಗೊತ್ತಾಗುವುದಿಲ್ಲ. ಅವನು ಪಾಪ ಆಫ್‌ಸೆಟ್ (ಮಷೀನಿನ ಟೂಲಿನ ಜಾಗದ ಸೆಟ್ಟಿಂಗ್) ಬದಲಿಸುತ್ತಾನೆ. ಚೆನ್ನಾಗಿ ನಡೆಯುತ್ತಿದ್ದ ಮಷೀನ್ ಕೆಡುವುದು ಹೀಗೆ. ಗೇಜ್ ಯಾವ ಕೆಲಸಕ್ಕೆ ಅಂತ ಮೊದಲು ಬರೆದುಕೊಂಡು, ಆಮೇಲೆ ಶೇಕಡ ಹೇಳು.

ಬಿಸಿಯ ವಿಷಯ ನಿನ್ನ ಪತ್ರದಲ್ಲಿ ಇರಲೇ ಇಲ್ಲ. ಅಳತೆಗೆ ಎಲ್ಲರೂ ಒಪ್ಪಿದ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಉಕ್ಕು ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತೆ. ನಿನ್ನ 25 ಮಿಲಿಮೀಟರ್ ಶಾಫ್ಟ್ ಗ್ರೈಂಡಿಂಗ್‌ನಿಂದ ಬಂದಾಗ 10 ಡಿಗ್ರಿ ಬಿಸಿ ಜಾಸ್ತಿ ಇದ್ದರೆ ಹೆಚ್ಚುಕಡಿಮೆ 3 ಮೈಕ್ರಾನ್ ದಪ್ಪ ಕಾಣುತ್ತೆ. ನಿನ್ನ ಗೇಜಿನ ಪೂರ್ತಿ ಸಿಗ್ಮಾದ ಎರಡರಷ್ಟು ಅದು! ತಣ್ಣಗಿನ ರೂಮಿನಲ್ಲಿ, ರಾತ್ರಿಯೆಲ್ಲ ಇಟ್ಟು ಆರಿಸಿದ ಪೀಸಿನ ಮೇಲೆ ಸ್ಟಡಿ ಮಾಡಿ, ಉತ್ಪಾದನೆಯಲ್ಲಿ ಮಷೀನ್ ಪಕ್ಕವೇ ನಿಂತು ಬಿಸಿ ಪೀಸ್ ಅಳೆಯುತ್ತಿದ್ದರೆ ಆ ಸ್ಟಡಿ ಯಾರಿಗೆ? ಡಿಜಿಟಲ್ ಮೈಕ್ರೋಮೀಟರನ್ನು ಅಂಗೈಯಲ್ಲಿ ಹಿಡಿದುಕೊಂಡೇ ಅಳೆಯುವ ಅಭ್ಯಾಸ ಯಾರಿಗಾದರೂ ಇದೆಯಾ ಅಂತಲೂ ನೋಡು. ಸ್ಟ್ಯಾಂಡ್ ಒಂದು ಇಟ್ಟರೆ ಅರ್ಧ ತೊಂದರೆ ಹೋಗುತ್ತೆ.

"ಮೈಕ್ರೋಮೀಟರ್ ಕ್ಯಾಲಿಬ್ರೇಷನ್ ಆಗಿದೆ, ಆದರೂ ಯಾಕೆ 34?" ಅಂತ ಕೇಳಿದ್ದೀಯ. ಅವೆರಡೂ ಬೇರೆ ಪ್ರಶ್ನೆ. ಹತ್ತು ನಿಮಿಷ ಮುಂದೆ ಇಟ್ಟ ಗಡಿಯಾರ ದಿನಾ ತಪ್ಪದೆ ಹತ್ತು ನಿಮಿಷವೇ ಮುಂದೆ ಇರುತ್ತೆ. ಅದರ ರಿಪೀಟಬಿಲಿಟಿ ಚೆನ್ನಾಗಿದೆ, ಸಮಯ ತಪ್ಪು. ಆರ್ ಅಂಡ್ ಆರ್ ಆ ತಪ್ಪನ್ನು ಹಿಡಿಯುವುದಿಲ್ಲ, ಅದನ್ನು ಹಿಡಿಯುವುದು ಬಯಾಸ್, ಅಂದರೆ ನಿಜವಾದ ಅಳತೆಗೂ ಸರಾಸರಿ ರೀಡಿಂಗಿಗೂ ಇರುವ ಅಂತರ, ನೋಡಿದಾಗ. ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಸ್ಲಿಪ್ ಗೇಜ್ (ಅಳತೆ ಖಚಿತವಾಗಿ ಗೊತ್ತಿರುವ ತುಂಡು) ಇಟ್ಟು ತಜ್ಞರ ಕೈಯಲ್ಲಿ ಅಳೆದದ್ದು. ನಿನ್ನ ಶಾಫ್ಟ್, ನಿನ್ನ ಜನ, ನಿನ್ನ ಶಿಫ್ಟಿನ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ಜನರ ಬಗ್ಗೆಯೂ ಒಂದು ಮಾತು. ಮೂವರಿಂದ ಬಂದ 1.27 ಅಷ್ಟೇನೂ ಗಟ್ಟಿ ಸಂಖ್ಯೆ ಅಲ್ಲ. ಮೂರೇ ಸರಾಸರಿ ಇಟ್ಟುಕೊಂಡು ಸಿಗ್ಮಾ ಹೇಳುತ್ತಿದ್ದೇವೆ, ಬೇರೆ ಮೂವರನ್ನು ಕೂರಿಸಿದರೆ 0.7 ಬರಬಹುದು, 2 ಕೂಡ ಬರಬಹುದು. ಹಾಗಾಗಿ ಅದನ್ನು ಹಿಡಿದು ಯಾರಿಗೂ ಮಾರ್ಕ್ಸ್ ಕೊಡಬೇಡ. ಚಾರ್ಟಿನಲ್ಲಿ ಹೆಸರು ಹಾಕಿ ಬೋರ್ಡಿಗೆ ಅಂಟಿಸುವವರನ್ನು ನೋಡಿದ್ದೇನೆ. ಆಮೇಲೆ ಆ ಇಲಾಖೆಯಲ್ಲಿ ನಿಜವಾದ ರೀಡಿಂಗ್ ಸಿಗುವುದು ಕಷ್ಟ. ಅವರಲ್ಲಿ ಕೆಲವರು ನೀನು ಹುಟ್ಟುವ ಮೊದಲಿಂದ ಮೈಕ್ರೋಮೀಟರ್ ಹಿಡಿದವರು. ಎ, ಬಿ, ಸಿ ಅಂತ ಬರಿ. ಮೂವರನ್ನೂ ಕೂರಿಸಿ ಒಂದೇ ಪೀಸ್ ಅಳೆಸಿ, ಯಾರು ಏನು ಬೇರೆ ಮಾಡುತ್ತಿದ್ದಾರೆ ಅಂತ ಅವರವರೇ ಹೇಳಲಿ. ಬಹಳ ಸಲ ಉಪಾಯವೂ ಅಲ್ಲೇ ಸಿಗುತ್ತೆ.

ಮ್ಯಾನೇಜರಿಗೆ ಏನು ಹೇಳುವುದು? 34ನ್ನೇ ಹೇಳು. ಜೊತೆಗೆ 0.8 ಮತ್ತು 1.27 ಹೇಳು, ಟಾಲರೆನ್ಸ್ ಲೆಕ್ಕದ 22.5 ಹೇಳು, ಏನು ಸರಿ ಮಾಡುತ್ತಿದ್ದೀಯ ಅಂತ ತಾರೀಕು ಹಾಕಿ ಹೇಳು. ಅಲ್ಲಿಯ ತನಕ ಟಾಲರೆನ್ಸ್ ಗಡಿಯಿಂದ ನಾಲ್ಕೈದು ಮೈಕ್ರಾನ್ ಒಳಗೆ ಬೀಳುವ ಪೀಸನ್ನು ಒಂದೇ ರೀಡಿಂಗಿನಲ್ಲಿ ತೀರ್ಮಾನ ಮಾಡಬಾರದು ಅಂತ ಸೂಚನೆ ಬರೆಸು. ನಾಲ್ಕು ಸಲ ಅಳೆದು ಸರಾಸರಿ ತಗೊಂಡರೆ 0.8 ಅರ್ಧ ಆಗುತ್ತೆ. ಒಬ್ಬರೇ ನಾಲ್ಕು ಸಲ ಅಳೆದರೆ 1.27 ಹಾಗೇ ಇರುತ್ತೆ, ಹಾಗಾಗಿ ಇಬ್ಬರು ಎರಡೆರಡು ಸಲ ಅಳೆಯಲಿ. ಆಡಿಟರಿಗೆ ಹೆದರುವುದಾದರೆ ಎಐಎಜಿ (ಅಮೆರಿಕದ ವಾಹನ ಉದ್ಯಮದ ಸಂಘಟನೆ) ಹೊರತಂದ, ಅಳತೆಯ ವ್ಯವಸ್ಥೆ ಪರೀಕ್ಷಿಸುವ ಎಂಎಸ್‌ಎ ಕೈಪಿಡಿ, 2010ರ ನಾಲ್ಕನೇ ಆವೃತ್ತಿ ತೆಗೆದು ತೋರಿಸು. 10 ಮತ್ತು 30ರ ಗಡಿಯನ್ನು ಕೊಟ್ಟಿರುವ ಆ ಪುಸ್ತಕವೇ, ಬರೀ ಆ ಗಡಿ ನೋಡಿ ಗೇಜನ್ನು ಒಪ್ಪುವುದೋ ಬಿಡುವುದೋ ಮಾಡಬಾರದು ಅಂತಲೂ ಹೇಳುತ್ತೆ. ಕಾರಣ ಗೊತ್ತಿರುವ 34 ಇಟ್ಟುಕೊಂಡು ಕೂತವನಿಗೆ ಉತ್ತರ ಇರುತ್ತೆ. ಹೇಗೋ ತಂದ 9ಕ್ಕೆ ಮೊದಲ ಪ್ರಶ್ನೆಯಲ್ಲೇ ಬೆವರು ಬರುತ್ತೆ, ಅಲ್ವಾ?

ಗೋ, ನೋ-ಗೋ ಗೇಜಿಗೂ ಇದೇ ಲೆಕ್ಕ ಹಾಕಬಹುದಾ ಅಂತ ಕೊನೆಯಲ್ಲಿ ಕೇಳಿದ್ದೀಯ. ಆಗುವುದಿಲ್ಲ. ಅಲ್ಲಿ ಸಂಖ್ಯೆ ಇಲ್ಲ, ಹೌದು ಅಲ್ಲ ಅಷ್ಟೇ. ಅದಕ್ಕೆ ಸುಮಾರು 50 ಪೀಸ್ ಬೇಕು, ಅವುಗಳ ನಿಜವಾದ ಅಳತೆ ಮೊದಲೇ ಗೊತ್ತಿರಬೇಕು, ಗಡಿಯ ಆಚೆ ಈಚೆ ಇರುವವು ಸಾಕಷ್ಟು ಇರಬೇಕು. ಎಲ್ಲ ಒಳ್ಳೆಯ ಪೀಸೇ ಇಟ್ಟರೆ ಎಲ್ಲರೂ ಒಪ್ಪುತ್ತಾರೆ, ಕಪ್ಪಾ, ಅಂದರೆ ತೀರ್ಮಾನಗಳು ಎಷ್ಟು ಹೊಂದುತ್ತವೆ ಅಂತ ಹೇಳುವ ಸಂಖ್ಯೆ, ನೋಡಿ ಪ್ರಯೋಜನ ಇರುವುದಿಲ್ಲ. ಮೊದಲು ಶಾಫ್ಟಿನ ಕೆಲಸ ಮುಗಿಸು. ಮೂವರ ರೇಂಜ್ ಚಾರ್ಟ್ ಕಳಿಸು, ಹೆಸರಿಲ್ಲದೆ.

ಇಂತಿ,
ನಿನ್ನ ದೊಡ್ಡಮ್ಮ